ಕರಡಿಯ ಕೂದಲು

ನಮ್ಮ ಸೀಮೆಯಲ್ಲಿ ಕರಡಿ ಅಡಗಿ ಕೂಡುವಂಥ ಕಾಡಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಯಾವ ಕಡೆ ಹೋದರೂ ಎರಿಹೊಲ, ಜೋಳ, ಬೇಲಿಯ ಜಾಲಿ. ಕುರಿ ಕಾಯುವವರು ತೋಳದ ಮಾತಾಡುತ್ತಿದ್ದರೇ ಹೊರತು ಕರಡಿಯ ಮಾತನ್ನಲ್ಲ. ನಮಗೆ ಕರಡಿ ಎಂದರೆ ಮದುವೆ, ಜಾತ್ರೆಗಳ ಕರಡಿ ಮಜಲು. ಅದು ಬಿಟ್ಟರೆ, ವರ್ಷಕ್ಕೊಮ್ಮೆ ಮೂಗಿಗೆ ಹಗ್ಗ ಹಾಕಿಸಿಕೊಂಡು ಓಣಿಗೆ ಬರುತ್ತಿದ್ದ ಕರಡಿ.

ನಾನು ಕಂಡ ಮೊದಲ ಕರಡಿ ಅದೇ. 1966 ಅಥವಾ 67 ಇರಬೇಕು, ಅಪ್ಪನಿಗೆ ಆಗ ಇಂಡಿಯಲ್ಲಿ ನೌಕರಿ. ಸುಗ್ಗಿ ಮುಗಿದ ಮೇಲೆ ಡಮರುಗದ ಸದ್ದು ಕೇಳಿದರೆ ಸಾಕು, ಹುಡುಗರೆಲ್ಲ ಕಟ್ಟೆಯ ಮೇಲೆ. ಕರಡಿ ಎರಡು ಕಾಲ ಮೇಲೆ ನಿಂತು ಸಲಾಮು ಮಾಡುತ್ತಿತ್ತು, ಅತ್ತೆಯ ಮನೆಗೆ ಹೊರಟ ಸೊಸೆಯಂತೆ ನಡೆದು ತೋರಿಸುತ್ತಿತ್ತು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಆಟ ಮುಗಿದ ಮೇಲೆ ನಿಜವಾದ ವ್ಯಾಪಾರ ಶುರು. ರಾತ್ರಿ ಬೆಚ್ಚಿ ಬೀಳುವ ಕೂಸುಗಳನ್ನು ತಾಯಂದಿರು ಎತ್ತಿಕೊಂಡು ಬರುತ್ತಿದ್ದರು. ಕೂಸನ್ನು ಕರಡಿಯ ಬೆನ್ನ ಮೇಲೆ ಒಂದು ಗಳಿಗೆ ಕೂಡಿಸಿ ಇಳಿಸುವುದು, ನಾಲ್ಕಾಣೆಗೋ ಅರ್ಧ ಸೇರು ಜೋಳಕ್ಕೋ ಎರಡು ಕೂದಲು ಕಿತ್ತಿಸಿಕೊಳ್ಳುವುದು. ಆ ಕೂದಲನ್ನು ತಾಯಿತದಲ್ಲಿ ಹಾಕಿ ಕಟ್ಟಿದರೆ ಅಂಜಿಕೆ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. ನನ್ನ ಕೊರಳಲ್ಲೂ ಒಂದಿತ್ತು. ಸಿಂದಗಿಯ ಅಕ್ಕಸಾಲಿಗನಿಂದ ಮಾಡಿಸಿದ ಬೆಳ್ಳಿಯ ಕೊಳವೆ, ಎರಡೂ ಕಡೆ ಅರಗಿನ ಮುದ್ರೆ.

ಕರಡಿ ಯಾಕೆ ಅಷ್ಟು ಸುಮ್ಮನಿರುತ್ತದೆ ಎಂದು ನಾವ್ಯಾರೂ ಕೇಳಲಿಲ್ಲ. ನನಗದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ತಾಯಿಯನ್ನು ಕೊಂದು ಗವಿಯಿಂದ ಮರಿ ಕದಿಯುತ್ತಿದ್ದರು. ಕಾಸಿದ ಕಬ್ಬಿಣದ ಸೂಜಿಯಿಂದ ಮೂಗಿನ ಮೇಲ್ಭಾಗ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು, ಹಲ್ಲು ಮುರಿಯುತ್ತಿದ್ದರು. ಕುಣಿತ ಎಂದು ನಾವು ಚಪ್ಪಾಳೆ ತಟ್ಟಿದ್ದು ಹಗ್ಗ ಜಗ್ಗಿದಾಗಿನ ನೋವಿಗೆ. ಹಾಗೆಂದು ಆಡಿಸುವವನನ್ನು ರಾಕ್ಷಸ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಕಲಂದರರು ತಲೆಮಾರುಗಳಿಂದ ಊರೂರು ಅಲೆದವರು, ಅವರ ಮಕ್ಕಳೂ ನಮ್ಮ ಕಟ್ಟೆಯ ಮುಂದೆ ರೊಟ್ಟಿಗೆ ಕೈಯೊಡ್ಡಿ ನಿಲ್ಲುತ್ತಿದ್ದವು.

ಮದುವೆಯಾಗಿ ಕೆಲವು ವರ್ಷಗಳ ಮೇಲೆ, 1986ರಲ್ಲಿ, ನನ್ನವರ ನೌಕರಿ ಹೊಸಪೇಟೆಯ ಹತ್ತಿರದ ಕಮಲಾಪುರಕ್ಕೆ ಬದಲಾಯಿತು. ಬಯಲು ನೋಡಿ ಬೆಳೆದ ಕಣ್ಣಿಗೆ ಆ ಊರು ವಿಚಿತ್ರ. ಯಾರೋ ರಾಶಿ ಹಾಕಿಟ್ಟು ಮರೆತ ಹಾಗೆ ಬಂಡೆಯ ಮೇಲೆ ಬಂಡೆ, ನಡುವೆ ಕಾಲುವೆ ನೀರು, ಬಾಳೆತೋಟ. ಅಲ್ಲಿ ಕರಡಿ ಕುಣಿಯಲು ಬರುತ್ತಿರಲಿಲ್ಲ, ಉಣ್ಣಲು ಬರುತ್ತಿತ್ತು. ಹಗಲೆಲ್ಲ ಬಂಡೆಗಳ ಗವಿಯಲ್ಲಿ ಮಲಗಿ, ಹೊತ್ತು ಇಳಿದ ಮೇಲೆ ಕೆಳಗಿಳಿದು ಬಾರೆಹಣ್ಣು, ಜೇನು, ಗೆದ್ದಲು, ಮೆಕ್ಕೆಜೋಳ, ಶೇಂಗಾ ಏನು ಸಿಕ್ಕರೂ ಸರಿ. ಊರ ಹೆಂಗಸರು "ಆಕಿ ಬಂದಿದ್ಲು" ಎಂದು ನೆರೆಮನೆಯವಳ ಸುದ್ದಿ ಹೇಳಿದಂತೆ ಹೇಳುತ್ತಿದ್ದರು.

ನಮ್ಮವ್ವ ಮುದ್ದೇಬಿಹಾಳದ ತವರಿನಿಂದ ನನ್ನ ಹಳೆಯ ತಾಯಿತವನ್ನೇ ತಂದು ಮೊಮ್ಮಗನ ಕೊರಳಿಗೆ ಕಟ್ಟಿ ಹೋದಳು. "ಗುಡ್ಡದ ಊರು, ಹುಡುಗ ಅಂಜಬಾರದು" ಎಂದಳು. ಅಂಜಲಿಲ್ಲ. ಅದೇ ತೊಂದರೆಯಾಯಿತು.

1988ರ ನಾಗರ ಪಂಚಮಿಯ ಮರುದಿನ. ನಮ್ಮ ಹಿತ್ತಲಿನ ಕಲ್ಲಿನ ಗೋಡೆ ಎದೆಮಟ್ಟ, ಅದರಲ್ಲೊಂದು ಸಣ್ಣ ಬಾಗಿಲು. ಗೋಡೆಯಾಚೆ ಇಪ್ಪತ್ತು ಹೆಜ್ಜೆಗೆ ಒಂದು ಹುತ್ತ. ಹಿಂದಿನ ದಿನ ಓಣಿಯವರೆಲ್ಲ ಹಾಲೆರೆದದ್ದು ಅದಕ್ಕೇ. ದೀಪ ಹಚ್ಚುವ ಹೊತ್ತು, ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಿನಿಂದ ಕಮ್ಮಾರನ ತಿದಿ ಒತ್ತಿದಂಥ ಸದ್ದು, ಬುಸ್ ಎಂದು ಊದುವುದು, ಮತ್ತೆ ಸುರ್ರೆಂದು ಹೀರುವುದು. ಹೊರಗೆ ಬಂದು ನೋಡಿದರೆ ಹಿತ್ತಲ ಬಾಗಿಲು ತೆರೆದಿದೆ. ನಾಲ್ಕು ವರ್ಷದ ಮಗ ಬಾಗಿಲಾಚೆ ನಿಂತಿದ್ದಾನೆ. ಕೈಯಲ್ಲಿ ಹಬ್ಬದ ಶೇಂಗಾ ಉಂಡಿ. ಹುತ್ತದಲ್ಲಿ ಭುಜದವರೆಗೆ ಮುಳುಗಿದ ಕರಡಿ, ಅದರ ಬೆನ್ನ ಮೇಲೆ ಎರಡು ಮರಿ. ಮಗ ಉಂಡಿ ಮುಂದೆ ಚಾಚಿ, "ಕುಣಿ, ಕೊಡ್ತೀನಿ" ಎನ್ನುತ್ತಿದ್ದಾನೆ. ಬೇಸಿಗೆಯಲ್ಲಷ್ಟೇ ಅಜ್ಜಿಯ ಊರಲ್ಲಿ ಕರಡಿಯಾಟ ನೋಡಿ ಬಂದಿದ್ದ.

ಚೀರಲು ಬಾಯಿ ತೆರೆದಿದ್ದೆ. ಪಕ್ಕದ ಮನೆಯ ಮುದುಕಿ ತನ್ನ ಗೋಡೆಯ ಮೇಲಿಂದ ಕೈಸನ್ನೆ ಮಾಡಿ ತಡೆದಳು. "ಯವ್ವಾ, ಕೂಗಬ್ಯಾಡ, ಓಡಬ್ಯಾಡ. ಹುಡುಗನ್ನ ಹಿಂದಕ್ಕ ಎಳಕೊಂಡು ಬಾ, ಬೆನ್ನು ತೋರಿಸಬ್ಯಾಡ." ಆ ಏಳೆಂಟು ಹೆಜ್ಜೆ ಹೇಗೆ ನಡೆದೆನೋ ಇವತ್ತಿಗೂ ತಿಳಿಯದು. ಅಂಗಿಯ ಬೆನ್ನು ಹಿಡಿದು ಮಗನನ್ನು ಎದೆಗೆ ಒತ್ತಿಕೊಂಡು ಹಿಂದೆ ಹಿಂದೆ ಸರಿದೆ. ಉಂಡಿ ಕೆಳಗೆ ಬಿತ್ತು. ಕರಡಿ ತಲೆ ಎತ್ತಿತು. ಮೂತಿಯ ತುಂಬ ಕೆಮ್ಮಣ್ಣು. ನಮ್ಮನ್ನು ಕಂಡಿತೋ ಇಲ್ಲವೋ, ಗಾಳಿ ಮೂಸಿತು, ಒಮ್ಮೆ ಗುರ್ರೆಂದಿತು. ಬಾಗಿಲು ಹಾಕಿ ಅಗಳಿ ಜಡಿದ ಮೇಲೆ ನನ್ನ ಕಾಲುಗಳು ನಿಲ್ಲಲಿಲ್ಲ, ಅಲ್ಲೇ ಕುಸಿದು ಕುಳಿತೆ. ಒಳಗೆ ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ಮಗ ಅತ್ತದ್ದು ಉಂಡಿಗಾಗಿ.

ಅಂದು ರಾತ್ರಿ ಮುದುಕಿ ನನಗೆ ಪಾಠ ಹೇಳಿದಳು. ನಾನು ಶಾಲೆಯಲ್ಲಿ ಓದಿದ್ದು ಇಬ್ಬರು ಗೆಳೆಯರ ಕಥೆ, ಒಬ್ಬ ಮರ ಹತ್ತಿ ಉಳಿದ, ಇನ್ನೊಬ್ಬ ಸತ್ತಂತೆ ಬಿದ್ದು ಉಳಿದ. ಹೇಳಿದರೆ ಆಕೆ ನಕ್ಕಳು. ಜೇನಿಗಾಗಿ ಮರ ಹತ್ತುವ ಪ್ರಾಣಿ ನಿನ್ನನ್ನು ಮರದ ಮೇಲೆ ಬಿಡುತ್ತದೆಯೇ? ಅದಕ್ಕೆ ಕಣ್ಣು ಮಂದ, ಗೆದ್ದಲು ಹೀರುವಾಗ ತನ್ನದೇ ಸದ್ದಿನಲ್ಲಿ ಕಿವಿಯೂ ಮಂದ. ತೀರ ಹತ್ತಿರ ಹೋದ ಮೇಲೆ ಮನುಷ್ಯರನ್ನು ಕಂಡು ಬೆಚ್ಚುತ್ತದೆ, ಬೆಚ್ಚಿದರೆ ಮೊದಲು ಮುಖಕ್ಕೇ ಕೈಹಾಕುತ್ತದೆ. ಆದ್ದರಿಂದ ಕತ್ತಲಲ್ಲಿ ಹೊರಟರೆ ಇಬ್ಬರು ಹೊರಡಬೇಕು, ಜೋರಾಗಿ ಮಾತಾಡುತ್ತ, ತಂಬಿಗೆ ಬಡಿಯುತ್ತ ಹೋಗಬೇಕು. ಮೈಮೇಲೆ ಬಂದೇಬಿಟ್ಟರೆ ಬೋರಲು ಬಿದ್ದು ಮುಖ ನೆಲಕ್ಕೊತ್ತಿ, ಎರಡೂ ಕೈಗಳಿಂದ ಕತ್ತು ಮುಚ್ಚಿಕೊಳ್ಳಬೇಕು. ಇದೆಲ್ಲ ಸರಿಯೇ ಎಂದು ಮುಂದೆ ಪುಸ್ತಕಗಳಲ್ಲಿ ಓದಿದೆ. ಬೇಟೆಗಾರ ಕೆನೆತ್ ಆಂಡರ್ಸನ್ 1957ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅರಸೀಕೆರೆಯ ಕಡೆ 12 ಜನರನ್ನು ಕೊಂದ ಒಂದು ಕರಡಿಯ ವೃತ್ತಾಂತವಿದೆ. ಗಾಯವೆಲ್ಲ ಮುಖಕ್ಕೇ.

ತಂಬಿಗೆಯ ಮಾತು ಏಕೆ ಬಂತೆಂದು ನಮ್ಮ ಕಾಲದ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ನಸುಕಿನಲ್ಲಿ, ಇಲ್ಲವೆ ಕತ್ತಲಾದ ಮೇಲೆ ಬಯಲಿಗೆ ಹೋಗುವುದೇ ನಮ್ಮ ಪಾಡಾಗಿತ್ತು. ಕರಡಿ ಓಡಾಡುವುದೂ ಸರಿಯಾಗಿ ಅದೇ ಹೊತ್ತು. ಆ ತಿಂಗಳ ಸಂಬಳದಲ್ಲಿ ಮೊದಲು ಕಟ್ಟಿಸಿದ್ದು ಹಿತ್ತಲಲ್ಲಿ ಪಾಯಖಾನೆ. ಗ್ಯಾಸ್ ಒಲೆ ಒಂದು ವರ್ಷ ಮುಂದಕ್ಕೆ ಹೋಯಿತು. ಹಿತ್ತಲ ಬಾಗಿಲಿಗೆ ಮಕ್ಕಳ ಕೈಗೆ ಎಟುಕದಷ್ಟು ಮೇಲೆ ಎರಡನೆಯ ಅಗಳಿ ಬಿತ್ತು. ಉಳಿದ ಅನ್ನ, ಹಣ್ಣಿನ ಸಿಪ್ಪೆ ಗೋಡೆಯಾಚೆ ಎಸೆಯುವುದನ್ನು ಬಿಟ್ಟೆವು.

ಇಷ್ಟು ಅಂಜಿಸಿದ ಪ್ರಾಣಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗಣೇಶ ಚೌತಿಗೆ ಶ್ಯಮಂತಕ ಮಣಿಯ ಕಥೆ ಓದುವಾಗ ಅದೇ ಕರಡಿ ಕಣ್ಣಮುಂದೆ ಬಂತು. ಚಂದ್ರನನ್ನು ನೋಡಿದ ದೋಷಕ್ಕೆ ನಾವು ಹೇಳಿಕೊಳ್ಳುವ ಶ್ಲೋಕ ಜಾಂಬವಂತನ ಗವಿಯಲ್ಲಿ ದಾದಿ ಅವನ ಕೂಸಿಗೆ ಹಾಡಿದ್ದು, ಅಳಬೇಡ ಕಂದಾ, ಈ ಮಣಿ ನಿನ್ನದೇ ಎಂದು. ಅಷ್ಟು ವರ್ಷ ಬಾಯಿಪಾಠ ಹೇಳಿದ್ದೆ, ಕರಡಿಯ ಮನೆಯಲ್ಲೂ ಒಂದು ತೊಟ್ಟಿಲಿತ್ತೆಂದು ಗಮನಿಸಿರಲಿಲ್ಲ.

1994ರ ಅಕ್ಟೋಬರಿನಲ್ಲಿ ಸರಕಾರ ಕಮಲಾಪುರದ ಪಕ್ಕದ ಬಿಳಿಕಲ್ಲು ಕಾಡನ್ನು ದರೋಜಿ ಕರಡಿಧಾಮವೆಂದು ಘೋಷಿಸಿತು. 2009ರಲ್ಲಿ ಬುಕ್ಕಸಾಗರದ ಕಾಡೂ ಸೇರಿ ಅದು 82 ಚದರ ಕಿಲೋಮೀಟರಿಗೂ ಹಿಗ್ಗಿತು. ಕಾವಲಿನವರು ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಮೆತ್ತಿ ಬರುತ್ತಾರೆ, ಸ್ವಲ್ಪ ಹೊತ್ತಿಗೆ ಕರಡಿಗಳು ಗುಡ್ಡ ಇಳಿದು ನೆಕ್ಕುತ್ತವೆ, ಜನ ಗೋಪುರದ ಮೇಲೆ ಕುಳಿತು ನೋಡುತ್ತಾರೆ. ಮಗನನ್ನು ಕರೆದುಕೊಂಡು ಹೋಗಿದ್ದೆ. ಶೇಂಗಾ ಉಂಡಿಯ ಸುದ್ದಿ ಎತ್ತಿದರೆ ನಾಚಿದ.

ಓಣಿಯ ಕರಡಿಯಾಟವೂ ನಿಂತಿತು. 1972ರ ವನ್ಯಜೀವಿ ಕಾಯಿದೆ ಇದ್ದರೂ ಡಮರುಗ ನಿಂತಿರಲಿಲ್ಲ. 1998ರಲ್ಲಿ ಕೇಂದ್ರ ಸರಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಡಿಸುವುದನ್ನೇ ನಿಷೇಧಿಸಿತು. ವೈಲ್ಡ್‌ಲೈಫ್ ಎಸ್‌ಓಎಸ್ ಎಂಬ ಸಂಸ್ಥೆ 600ಕ್ಕೂ ಹೆಚ್ಚು ಕರಡಿಗಳನ್ನು ಬಿಡಿಸಿತು. ಕಲಂದರರಿಗೆ ಬೇರೆ ಕಸುಬು, ಅವರ ಹೆಣ್ಣುಮಕ್ಕಳಿಗೆ ಶಾಲೆಯ ಏರ್ಪಾಡನ್ನೂ ಮಾಡಿತು. ಕೊನೆಯ ಕುಣಿಯುವ ಕರಡಿ ಬನ್ನೇರುಘಟ್ಟದ ಕೇಂದ್ರ ಸೇರಿದ್ದು 2009ರ ಡಿಸೆಂಬರಿನಲ್ಲಿ. ಬಿಡಿಸಿ ತಂದ ಕರಡಿಗಳು ಹಗ್ಗ ಇಲ್ಲದಿದ್ದರೂ ಎಷ್ಟೋ ದಿನ ನಿಂತಲ್ಲೇ ತೂಗಾಡುತ್ತಿದ್ದವಂತೆ.

2023ರಲ್ಲಿ ಹುಲಿಯುಗುರಿನ ಪದಕದ ಗದ್ದಲವೆದ್ದಾಗ ನನಗೆ ಆ ತಾಯಿತ ನೆನಪಾಯಿತು. ಅವ್ವನ ಟ್ರಂಕಿನ ತಳದಲ್ಲಿ, ಅರಿವೆಯ ಗಂಟಿನಲ್ಲಿ ಸಿಕ್ಕಿತು. ಸೂಜಿಯಿಂದ ಅರಗು ಬಿಡಿಸಿದೆ. ಕಪ್ಪು ಕೂದಲು ಎರಡು, ಒಂದರ ಬುಡದಲ್ಲಿ ಒಣಗಿದ ಚರ್ಮದ ಚೂರು ಹಾಗೇ ಅಂಟಿಕೊಂಡಿತ್ತು. ಸೊಸೆ, "ಒಳಗೇನದರಿ ಅತ್ತಿ?" ಎಂದು ಬಗ್ಗಿ ನೋಡಿದಳು. ಅವಳ ಕಂಕುಳಲ್ಲಿದ್ದ ಕೂಸು ಬೆಳ್ಳಿಯ ಕೊಳವೆಗೆ ಕೈಚಾಚಿತು. ಕೊಳವೆಯನ್ನಷ್ಟೇ ಅದರ ಕೈಗೆ ಕೊಟ್ಟೆ.