ಬಾವಿಯಿಂದ ದೂರವಾದ ಸ್ವಿಚ್ಚು

ಗಂಡಸಿ ಹ್ಯಾಂಡ್‌ಪೋಸ್ಟಿನಿಂದ ಯಾವ ಕಡೆ ಹೊರಟರೂ ತೆಂಗಿನ ತೋಟ, ತೋಟದೊಳಗೆ ಮೋಟರು. ಮೋಟರು ಇರುವುದು ಬಾವಿಯ ಹತ್ತಿರ. ಅದರ ಸ್ವಿಚ್ಚು ಮಾತ್ರ ಎಷ್ಟೋ ಕಡೆ ಮನೆ ಪಡಸಾಲೆಯಲ್ಲಿ. ಈ ದೂರ ಬಂದದ್ದು ಹೇಗೆ? ಹುಡುಕುತ್ತಾ ನಾವು ಕಪಿಲೆಯ ಕಾಲಕ್ಕೆ ಹೋದೆವು.

ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಚರ್ಮದ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಕಪಿಲೆ ಹೊಡೆಯುವವನು ಬಾವಿ ಪಕ್ಕದಲ್ಲೇ ಇರುತ್ತಿದ್ದ. ಹಗ್ಗ ತೊಡರಿದರೆ ಎತ್ತು ನಿಲ್ಲಿಸಿದರಾಯಿತು. ಆಮೇಲೆ ಬಂದ ಡೀಸೆಲ್ ಎಂಜಿನ್ನನ್ನೂ ಅದರ ಪಕ್ಕದಲ್ಲೇ ನಿಂತು ನಿಲ್ಲಿಸಬೇಕಿತ್ತು.

ಕರೆಂಟು ಬಂದ ಮೇಲೆ ಇದು ಬದಲಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. 1948ರಲ್ಲಿ ಜೋಗದ ವಿದ್ಯುತ್ತೂ ಸೇರಿತು. 1957ರಲ್ಲಿ ರಾಜ್ಯಕ್ಕೆ ವಿದ್ಯುತ್ ಮಂಡಳಿಯಾಯಿತು. ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿರುವ 'ಕೆಇಬಿ' ಅದೇ. ಮುಂದಿನ ದಶಕಗಳಲ್ಲಿ ಕಂಬಗಳು ಹೊಲಕ್ಕಿಳಿದವು, ಕಪಿಲೆಗಳು ಮೂಲೆ ಸೇರಿದವು.

ತಂತಿಯನ್ನು ಎಷ್ಟು ದೂರ ಬೇಕಾದರೂ ಎಳೆಯಬಹುದು. ಹಾಗಾಗಿ ಮೋಟರು ಓಡಿಸುವವನು ಬಾವಿಯ ಹತ್ತಿರ ಇರಲೇಬೇಕೆಂದೇನೂ ಉಳಿಯಲಿಲ್ಲ. ಅಪಾಯ ಇರುವುದೂ ಇಲ್ಲೇ. 1956ರ ಭಾರತೀಯ ವಿದ್ಯುತ್ ನಿಯಮಗಳು ಇದನ್ನು ಆಗಲೇ ಗುರುತಿಸಿದ್ದವು. ಮೋಟರಿಗೆ ಹೋಗುವ ಕರೆಂಟನ್ನು ಪೂರ್ತಿ ಕಡಿಯುವ ಸ್ವಿಚ್ಚು ಮೋಟರಿನ ಪಕ್ಕದಲ್ಲೇ, ಸುಲಭವಾಗಿ ಕೈಗೆ ಸಿಗುವಂತೆ ಇರಬೇಕು ಎಂದಿತ್ತು 50ನೇ ನಿಯಮ. 2010ರ ಸುರಕ್ಷತಾ ನಿಯಮಗಳಲ್ಲೂ ಅದು ಮುಂದುವರಿಯಿತು.

ಆದರೆ ತೋಟದಲ್ಲಿ ನಡೆದದ್ದು ಬೇರೆ. ತ್ರೀಫೇಸ್ ರಾತ್ರಿ ಹೊತ್ತು ಬರತೊಡಗಿತು. ಕತ್ತಲಲ್ಲಿ ಹಾವು ಚೇಳಿನ ನಡುವೆ ಹೋಗುವವರು ಯಾರು? ಸ್ಟಾರ್ಟರಿಗೆ 'ಆಟೋ' ಹಾಕಿದೆವು. ಈಗ ಮೊಬೈಲಿನಿಂದಲೇ ಮೋಟರು ಓಡುತ್ತದೆ. ಅನುಕೂಲವೇನೋ ನಿಜ. ಆದರೆ ಪಂಪು ಎತ್ತಿಸುವಾಗಲೋ ಕೇಬಲ್ಲಿನ ಜಾಯಿಂಟು ಬಿಚ್ಚಿರುವಾಗಲೋ ಕರೆಂಟು ಬಂದರೆ 'ಆಟೋ'ಗೆ ಅಲ್ಲಿ ಮನುಷ್ಯನಿದ್ದಾನೆಂದು ಗೊತ್ತಾಗುವುದಿಲ್ಲ. ಮನೆಯಲ್ಲಿ ಸ್ವಿಚ್ಚು ಒತ್ತುವವರಿಗೂ ಗೊತ್ತಾಗುವುದಿಲ್ಲ.

ಒಂದು ಫ್ಯೂಸು ಕಿತ್ತರೆ ಸಾಲದು. ತ್ರೀಫೇಸಿನಲ್ಲಿ ಉಳಿದೆರಡು ತಂತಿಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಮೂರನ್ನೂ ಒಟ್ಟಿಗೆ ಕಡಿಯುವ ಐಸೋಲೇಟರ್ ಬೇಕು. ಮನೆ ಬಾವಿಯ ಸಿಂಗಲ್ ಫೇಸ್ ಮೋಟರಿಗೆ ಫೇಸು, ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು. ಮಳೆನೀರು ಹೋಗದ ಪೆಟ್ಟಿಗೆಯಲ್ಲಿ, ಬಾವಿಯ ಬಳಿ ನಿಂತಾಗ ಕಣ್ಣಿಗೆ ಕಾಣುವ ಜಾಗದಲ್ಲಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದಲೇ ಹಾಕಿಸಿ. ಅರ್ತಿಂಗ್ ಸರಿಯಿದೆಯೇ ಎಂದೂ ನೋಡಿಸಿ.

ರಿಪೇರಿಗೆ ಮುಂಚೆ ಸ್ಟಾರ್ಟರಿನಲ್ಲಿ ಮೋಟರು ನಿಲ್ಲಿಸಿ, ಐಸೋಲೇಟರ್ ಆಫ್ ಮಾಡಿ, ಪೆಟ್ಟಿಗೆಗೆ ಬೀಗ ಹಾಕಿ. ಬೀಗದ ಕೈ ಬಾವಿಯ ಹತ್ತಿರ ಕೆಲಸ ಮಾಡುವವರ ಜೇಬಿನಲ್ಲಿರಲಿ. ಕರೆಂಟು ಇಲ್ಲವೆಂದು ಟೆಸ್ಟರಿನಲ್ಲಿ ನೋಡಿದ ಮೇಲೆಯೇ ತಂತಿ ಮುಟ್ಟಲಿ.