ಹೂವಿನಹಡಗಲಿಯಲ್ಲಿ ಹುಟ್ಟಿದವರ ಲೆಕ್ಕ, ಡ್ರೈವರ್ ಇಲ್ಲದ ಕಾರು

ಮುಂಡರಗಿ ಕಡೆಯಿಂದ ತುಂಗಭದ್ರೆ ದಾಟಿದರೆ ಹೂವಿನಹಡಗಲಿ ಸೀಮೆ. ನಮಗೆಲ್ಲ ಆ ಊರು ಗೊತ್ತಿರೋದು ಮಲ್ಲಿಗೆಯಿಂದ. ಆದರೆ ಡ್ರೈವರ್ ಇಲ್ಲದೆ ಓಡುವ ಕಾರನ್ನು ನಂಬಬಹುದಾ ಅಂತ ಇವತ್ತು ಲೆಕ್ಕ ಹಾಕುವವರು, ಅಲ್ಲಿ ಹುಟ್ಟಿದ ಒಬ್ಬರು ಎಳೆದ ಗೆರೆಯನ್ನು ದಾಟೋಕೆ ಆಗಲ್ಲ!

ಅವರು ಸಿ. ಆರ್. ರಾವ್. ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ತೆಲುಗು ಮನೆತನದಲ್ಲಿ. ಹಡಗಲಿ ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಹೊಳೆಯ ಈಚೆ ಗದಗ, ಮುಂಡರಗಿ ಮುಂಬಯಿ ಪ್ರಾಂತಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮೀರಜ್‌ಗೆ. ತಂದೆ ಪೊಲೀಸ್ ಇನ್‌ಸ್ಪೆಕ್ಟರ್, ಹಾಗಾಗಿ ಬಾಲ್ಯವೆಲ್ಲ ಊರಿಂದೂರಿಗೆ. ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋದವರು 1941ರಲ್ಲಿ ಮಹಾಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು.

ಅಲ್ಲಿ ಪಾಠ ಮಾಡುವಾಗ ವಿ. ಎಂ. ದಾಂಡೇಕರ್ ಅನ್ನೋ ವಿದ್ಯಾರ್ಥಿ (ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞರಾದರು) ಒಂದು ಪ್ರಶ್ನೆ ಕೇಳಿದರು: ಫಿಶರ್ ಹೇಳಿದ್ದು ದೊಡ್ಡ ಸ್ಯಾಂಪಲ್‌ಗೆ ಸರಿ, ಸಣ್ಣದಕ್ಕೆ? ರಾವ್ ರಾತ್ರಿಯೆಲ್ಲ ಕೂತು ಮರುದಿನ ಉತ್ತರ ತಂದರು. 1945ರಲ್ಲಿ ಅಚ್ಚಾಯಿತು. ಸ್ವೀಡನ್ನಿನ ವಿಮಾ ಗಣಿತಜ್ಞ ಕ್ರಾಮೆರ್ ಕೂಡ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡಿದ್ದರಿಂದ ಅದಕ್ಕೆ ಕ್ರಾಮೆರ್-ರಾವ್ ಮಿತಿ ಅಂತ ಹೆಸರು.

ಸರಳವಾಗಿ ಹೇಳೋದಾದ್ರೆ, ಪಕ್ಷಪಾತವಿಲ್ಲದ ಅಂದಾಜು ಬೇಕಿದ್ದರೆ, ಅಂಕಿ-ಅಂಶದಲ್ಲಿ ಇರೋದಕ್ಕಿಂತ ಹೆಚ್ಚು ನಿಖರತೆಯನ್ನು ಯಾವ ಜಾಣ ಸೂತ್ರವೂ ಹಿಂಡಿ ತೆಗೆಯಲಾರದು. ಬಾವಿಯಲ್ಲಿ ಇಲ್ಲದ ನೀರು ಕೊಡಕ್ಕೆ ಎಲ್ಲಿಂದ ಬರಬೇಕು? ಅಪಘಾತದ ದರಕ್ಕೆ ಇದನ್ನು ಹಚ್ಚಿದರೆ, 100 ಅಪಘಾತ ನಡೆಯುವಷ್ಟು ಓಡಿಸಿ ನೋಡಿದರೂ ಅಂದಾಜು ಸುಮಾರು ಶೇ. 10ರಷ್ಟು ಆಚೀಚೆ ಆಗುತ್ತೆ. 4 ನಡೆಯುವಷ್ಟೇ ಓಡಿಸಿದರೆ ಶೇ. 50!

ಕಷ್ಟ ಇರೋದು ಇಲ್ಲೇ. ಸಾವಿನ ಅಪಘಾತ ಅಪರೂಪ. 2016ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ನಿಧಿ ಕಾಲ್ರಾ ಮತ್ತು ಸೂಸನ್ ಪ್ಯಾಡಕ್ ಲೆಕ್ಕ ಹಾಕಿದರು. ಅಲ್ಲಿ 10 ಕೋಟಿ ಮೈಲಿಗೆ 1.09 ಸಾವು. ಕಾರು ಮನುಷ್ಯರಿಗಿಂತ ಕಡೆಯಲ್ಲ ಅಂತ ಶೇ. 95 ಭರವಸೆಯಿಂದ ಹೇಳಲು, ಅದು ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ, ಅಂದರೆ ಸುಮಾರು 44 ಕೋಟಿ ಕಿ.ಮೀ. ಓಡಬೇಕು. ಗದಗ-ಲಕ್ಷ್ಮೇಶ್ವರ ನಡುವೆ ದಿನಕ್ಕೆ 300 ಕಿ.ಮೀ. ಓಡುವ ಬಸ್ಸು ಅಂದುಕೊಳ್ಳಿ. ಅದಕ್ಕೆ 4000 ವರ್ಷ ಬೇಕು! ಹಾಗಾಗಿ ಕೆಲವೇ ಲಕ್ಷ ಕಿ.ಮೀ. ಓಡಿಸಿ "ಒಂದೂ ಸಾವಾಗಿಲ್ಲ" ಅಂದರೆ ಅದು ಸುಳ್ಳಲ್ಲ, ಆದರೆ ಪುರಾವೆಯೂ ಅಲ್ಲ.

ಸಣ್ಣ ಡಿಕ್ಕಿಗಳನ್ನು ಎಣಿಸಿದರೆ ಲೆಕ್ಕ ಬೇಗ ಸಿಗುತ್ತೆ, ನಿಜ. ಆದರೆ ಡಿಕ್ಕಿ ಕಡಿಮೆಯಾದರೆ ಸಾವೂ ಅದೇ ಪ್ರಮಾಣದಲ್ಲಿ ಕಡಿಮೆ ಅನ್ನೋದು ಬರೀ ನಂಬಿಕೆ. ಇನ್ನೊಂದು ತೊಡಕು ನಮ್ಮ ಸಾಫ್ಟ್‌ವೇರ್ ಮಂದಿಗೆ ಬೇಗ ಹೊಳೆಯುತ್ತೆ: ಪ್ರತಿ ಅಪ್‌ಡೇಟ್ ಆದ ಮೇಲೆ ಓಡಿಸ್ತಿರೋದು ಹೊಸ ಡ್ರೈವರ್. ಹಳೆಯ ಕಿ.ಮೀ.ಗಳನ್ನು ಅವನ ಖಾತೆಗೆ ಎಷ್ಟು ಹಾಕೋದು?

ಜಾಗವೂ ಮುಖ್ಯ. ವೇಮೋ ಕಂಪನಿ 2020ರಲ್ಲಿ ಫೀನಿಕ್ಸ್ ಸುತ್ತಮುತ್ತ ಡ್ರೈವರ್ ಇಲ್ಲದ ಟ್ಯಾಕ್ಸಿಯನ್ನು ಜನರಿಗೆ ತೆರೆಯಿತು. ಅಗಲವಾದ ರಸ್ತೆ, ಒಣ ಹವೆ. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೇ ರಾಶಿ ಮಾಡ್ತಾರೆ. ಹುರುಳಿ ಹೊಟ್ಟಿನ ಮೇಲೆ ಬೈಕು ಜಾರುತ್ತೆ, ಎದುರಿಗೆ ಚಕ್ಕಡಿ ಬರುತ್ತೆ. ಅಲ್ಲಿಯ ಸ್ಯಾಂಪಲ್ ಇಲ್ಲಿಗೆ ಸಾಕ್ಷಿಯಾಗಲ್ಲ.

ಹಾಗಂತ ಮನುಷ್ಯರೇ ವಾಸಿ ಅಂತಲೂ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದಕ್ಕಿಂತ ಚೆನ್ನಾಗಿ ಓಡಿಸುವ ಯಂತ್ರ ಬಂದರೆ ಯಾರು ಬೇಡ ಅಂತಾರೆ? ಆದರೆ ಅದನ್ನು ಮಾರಲು ಬಂದವರನ್ನು ಮೊದಲು ಮೂರು ಮಾತು ಕೇಳಬೇಕು: ಎಷ್ಟು ಕಿ.ಮೀ.? ಯಾವ ರಸ್ತೆ? ಯಾವ ವರ್ಷನ್?

ರಾವ್ ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ಆಗಸ್ಟ್ 22ರಂದು, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಹಡಗಲಿ ಅಂದ ಕೂಡಲೇ ಇನ್ನು ಮೇಲೆ ಮಲ್ಲಿಗೆಯ ಜೊತೆ ಇವರೂ ನೆನಪಾಗಲಿ :-)