ಸ್ಟೀರಿಯೊ ಇಲ್ಲದ ಸ್ಟಿಂಗ್ ರೇ

1963ರಿಂದ 1967ರವರೆಗೆ ಅಮೆರಿಕದ ಷೆವ್ರೊಲೆ ತಯಾರಿಸಿದ ಕಾರ್ವೆಟ್ ಸ್ಟಿಂಗ್ ರೇ ಕಾರುಗಳಲ್ಲಿ ಒಂದಕ್ಕೂ ಕಾರ್ಖಾನೆಯಿಂದ ಸ್ಟೀರಿಯೊ ಬರಲಿಲ್ಲ. ಇಂದು ಅಂಥ ಕಾರನ್ನು ಕೊಂಡವರು ಮೊದಲು ಆಸೆಪಡುವ ವಸ್ತುಗಳಲ್ಲಿ ಸ್ಟೀರಿಯೊ ಒಂದು. ಅದನ್ನು ಕೂರಿಸಲು ಡ್ಯಾಶ್‌ಬೋರ್ಡನ್ನೋ ಬಾಗಿಲನ್ನೋ ಕೊರೆಯಬೇಕೆಂದಾಗ ಜಗಳ ಶುರುವಾಗುತ್ತದೆ. ಹಳೆಯ ವಸ್ತು ಯಾರದು, ಅದನ್ನು ಎಷ್ಟು ಮುಟ್ಟಬಹುದು ಎಂಬುದು ನನ್ನಂಥ ಇತಿಹಾಸದ ವಿದ್ಯಾರ್ಥಿಗಳಿಗೆ ದಿನನಿತ್ಯದ ಪ್ರಶ್ನೆ. ಹಾಗಾಗಿ ಈ ಜಗಳ ನನಗೆ ಬರೀ ಶ್ರೀಮಂತರ ಖಯಾಲಿಯಾಗಿ ಕಾಣುವುದಿಲ್ಲ.

ಕಾರಿನಲ್ಲಿ ರೇಡಿಯೊ ಹಾಡಿಸುವುದು ಮೊದಲಿನಿಂದಲೂ ಕಷ್ಟದ ಕೆಲಸವೇ. 1930ರಲ್ಲಿ ಪಾಲ್ ಗಾಲ್ವಿನ್ ತನ್ನ ಸ್ಟುಡೆಬೇಕರ್ ಕಾರಿಗೆ ರೇಡಿಯೊ ಅಳವಡಿಸಿ ಅಟ್ಲಾಂಟಿಕ್ ಸಿಟಿಗೆ ಒಯ್ದು ತೋರಿಸಿದ. ಆ ರೇಡಿಯೊಗೆ ಇಟ್ಟ ಹೆಸರೇ ಮೊಟೊರೋಲಾ. ಕಂಪನಿಗೆ ಆ ಹೆಸರು ಬಂದದ್ದು 1947ರಲ್ಲಿ. ಅವನಂಥವರಿಗೆ ಎದುರಾಗಿದ್ದ ದೊಡ್ಡ ತಲೆನೋವು ಎಂಜಿನ್ನಿನದೇ. ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೊ ಕೇಂದ್ರ. ಆಕಾಶವಾಣಿಯ ಮಧ್ಯಮ ತರಂಗ ಕೇಳುತ್ತಿದ್ದಾಗ ಮನೆಯೆದುರು ಸ್ಕೂಟರ್ ಹಾದುಹೋದರೆ ಕರಕರ ಎನ್ನುತ್ತಿದ್ದದ್ದು ನಮ್ಮ ಹಿರಿಯರಿಗೆ ನೆನಪಿರುತ್ತದೆ. ಅದೇ ಕಿಡಿ, ಅದೇ ಸದ್ದು.

ಉಕ್ಕಿನ ಕಾರುಗಳಲ್ಲಿ ಬಾನೆಟ್ಟೇ ಈ ಸದ್ದನ್ನು ಬಹುಮಟ್ಟಿಗೆ ತಡೆಯುತ್ತದೆ. ಕಾರ್ವೆಟ್‌ನ ಮೈ ಫೈಬರ್‌ಗ್ಲಾಸ್. ರೇಡಿಯೊ ಅಲೆಗಳಿಗೆ ಅದು ಇದ್ದೂ ಇಲ್ಲದಂತೆ. 1953ರಲ್ಲಿ ತಯಾರಾದ ಮೊದಲ 300 ಕಾರ್ವೆಟ್‌ಗಳಲ್ಲಿ ಇದನ್ನೇ ಅನುಕೂಲ ಮಾಡಿಕೊಂಡು, ಆಂಟೆನಾವನ್ನು ಜಾಲರಿಯ ರೂಪದಲ್ಲಿ ಡಿಕ್ಕಿಯ ಮುಚ್ಚಳದೊಳಗೇ ಹುದುಗಿಸಿದ್ದರು. ಆದರೆ ಹೊರಗಿನ ಹಾಡನ್ನು ಒಳಗೆ ಬಿಡುವ ಮೈ ಎಂಜಿನ್ನಿನ ಗದ್ದಲವನ್ನೂ ತಡೆಯುವುದಿಲ್ಲ. ಅದಕ್ಕೇ ಡಿಸ್ಟ್ರಿಬ್ಯೂಟರಿಗೂ ಪ್ಲಗ್ ತಂತಿಗಳಿಗೂ ಲೋಹದ ಕವಚ ತೊಡಿಸಿದರು. ಪ್ರದರ್ಶನಗಳಲ್ಲಿ ಬಾನೆಟ್ ಎತ್ತಿದಾಗ ಫಳಫಳ ಹೊಳೆಯುವ ಆ ಕ್ರೋಮ್ ಮುಚ್ಚಳವನ್ನು ಜನ ಅಲಂಕಾರವೆಂದು ತಿಳಿಯುತ್ತಾರೆ. ಅದು ಇರುವುದು ರೇಡಿಯೊಗಾಗಿ. ರೇಡಿಯೊ ಬೇಡವೆಂದು ಕಾರು ಕೊಂಡವರಿಗೆ ಕವಚವೂ ಸಿಗುತ್ತಿರಲಿಲ್ಲ. ಒಂದು ಕಾರಿನಲ್ಲಿ ಮೊದಲಿಂದ ರೇಡಿಯೊ ಇತ್ತೇ ಇಲ್ಲವೇ ಎಂದು ತಿಳಿಯಲು ಎಂಜಿನ್ ನೋಡಬೇಕಾದ ಸ್ವಾರಸ್ಯ ಇದು.

ಸ್ಟಿಂಗ್ ರೇ ಡ್ಯಾಶ್‌ಬೋರ್ಡಿನ ನಡುಭಾಗ ಎಷ್ಟು ಕಿರಿದೆಂದರೆ ರೇಡಿಯೊವನ್ನು ಅಡ್ಡ ಇಡಲಾಗದೆ ನೆಟ್ಟಗೆ ನಿಲ್ಲಿಸಿದ್ದಾರೆ. ಸ್ಪೀಕರ್ ಡ್ಯಾಶ್‌ಬೋರ್ಡಿನ ಮೇಲೆ, ನಡುವೆ, ಒಂದೇ ಒಂದು. ಅಮೆರಿಕದಲ್ಲಿ ಎಫ್‌ಎಂ ಸ್ಟೀರಿಯೊ ಪ್ರಸಾರ 1961ರ ಜೂನ್‌ನಲ್ಲೇ ಶುರುವಾಗಿತ್ತು. ಕಾರ್ವೆಟ್ ಕೊಳ್ಳುವವರಿಗೆ ಅದು ಆಯ್ಕೆಯಾಗಿ ದೊರೆತದ್ದು 1968ರಲ್ಲಿ, ಅಷ್ಟು ಹೊತ್ತಿಗೆ ಕಾರಿನ ರೂಪವೇ ಬದಲಾಗಿತ್ತು. ಮಜಾ ಏನೆಂದರೆ, ಆ ಪೀಳಿಗೆಯ ಅತ್ಯಂತ ಬೆಲೆಬಾಳುವ ಕಾರಿಗೆ ರೇಡಿಯೊವೇ ಇರಲಿಲ್ಲ. 1967ರಲ್ಲಿ 20 ಮಾತ್ರ ತಯಾರಾದ ಎಲ್-88 ಮಾದರಿ ರೇಸಿಗೆಂದೇ ಮಾಡಿದ್ದು. ರೇಡಿಯೊ, ಹೀಟರ್ ಎರಡನ್ನೂ ಕೇಳಿದರೂ ಕೊಡುತ್ತಿರಲಿಲ್ಲ. ಅವುಗಳಲ್ಲೊಂದು 2014ರ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಹೋಯಿತು.

ಕಾರ್ವೆಟ್ ಪುನರುದ್ಧಾರಕರ ಸಂಘ 1974ರಲ್ಲಿ ಹುಟ್ಟಿದ ಮೇಲೆ, ಕಾರು ಕಾರ್ಖಾನೆ ಬಿಟ್ಟಾಗ ಹೇಗಿತ್ತೋ ಹಾಗಿರುವುದೇ ಮೇಲ್ಪಂಕ್ತಿಯಾಯಿತು. ಅದಕ್ಕೆ ಹೆದರಿ ಈಗಿನವರು ಉಪಾಯ ಹುಡುಕಿಕೊಂಡಿದ್ದಾರೆ. ಹೊರಗೆ ಹಳೆಯ ಮುಖ, ಹಳೆಯ ಗುಂಡಿಗಳು. ಒಳಗೆ ಹೊಸ ಸರ್ಕ್ಯೂಟು. ಮೈ ವಿದ್ಯುತ್ ಹರಿಸದ್ದರಿಂದ ಅರ್ತಿಂಗ್ ತಂತಿಯನ್ನು ಒಳಗಿನ ಉಕ್ಕಿನ ಚೌಕಟ್ಟಿನವರೆಗೆ ಬೇರೆಯೇ ಎಳೆಯಬೇಕು. ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಬಹುದು. ತಾಳೆಗರಿಯ ಮೇಲೆ ಬರೆಯದೆ ಪಕ್ಕದಲ್ಲಿ ಚೀಟಿ ಇಟ್ಟಂತೆ. ನನಗಿದು ಒಪ್ಪಿಗೆ.

ಒಪ್ಪಿಗೆಯಾಗದ್ದು ಇನ್ನೊಂದು. 1970ರ ದಶಕದಲ್ಲಿ ಈ ಕಾರುಗಳು ಬರೀ ಸೆಕೆಂಡ್ ಹ್ಯಾಂಡ್ ಕಾರುಗಳಾಗಿದ್ದವು. ಎಂಟು ಟ್ರ್ಯಾಕಿನ ಟೇಪು, ಆಮೇಲೆ ಕ್ಯಾಸೆಟ್ಟು ಹಾಕಲು ಗರಗಸ ಹಿಡಿದವರಿಗೆ ಮುಂದೆ ಇದು ನಿಧಿಯಾಗುತ್ತದೆಂದು ಗೊತ್ತಿರಲಿಲ್ಲ. ಈಗ ಆ ತೂತುಗಳನ್ನೆಲ್ಲ ಮುಚ್ಚಿ, ಡ್ಯಾಶ್‌ಬೋರ್ಡ್ ಬದಲಿಸಿ, 1963ಕ್ಕೆ ಮರಳಿಸುತ್ತಾರೆ. ಹಾಗೆ ಅಳಿಸಿಹೋಗುವುದು ಕಾರನ್ನು ನಿಜಕ್ಕೂ ಓಡಿಸಿದವರ ಗುರುತು. ಶಾಸನದ ಕಲ್ಲಿನ ಹಿಂಬದಿಯಲ್ಲಿ ನಂತರದವರು ಕೊರೆದ ಸಾಲನ್ನೂ ನಾವು ಓದುತ್ತೇವೆ, ಉಜ್ಜಿ ತೆಗೆಯುವುದಿಲ್ಲ. ವಕ್ರವಾಗಿ ಕತ್ತರಿಸಿದ ಡ್ಯಾಶ್‌ಬೋರ್ಡಿನ ಕೆಲವು ಕಾರುಗಳಾದರೂ ವಸ್ತುಸಂಗ್ರಹಾಲಯಗಳಲ್ಲಿ ಹಾಗೇ ಉಳಿಯಬೇಕೆಂದು ನನಗನಿಸುತ್ತದೆ.

ಹೊಸ ತೂತು ಕೊರೆಯಲೊಪ್ಪದವರಿಗೆ ಸಿಗುವ ಸ್ಪೀಕರಿನಲ್ಲಿ ಒಂದೇ ಚೌಕಟ್ಟಿನೊಳಗೆ ಎಡಬಲದ ಎರಡು ಸುರುಳಿಗಳಿರುತ್ತವೆ. ಹಳೆಯ ಜಾಗದಲ್ಲೇ ಕೂರುತ್ತದೆ. ಲೆಕ್ಕಕ್ಕೆ ಸ್ಟೀರಿಯೊ; ಆದರೆ ಎಡ ಬಲ ಎರಡೂ ದನಿ ಬರುವುದು ಅಂಗೈ ಅಗಲದ ಜಾಗದಿಂದ. ಕಿಟಕಿ ಇಳಿಸಿ ಹೊರಟರೆ 327 ಘನ ಅಂಗುಲದ ಎಂಜಿನ್ ಆ ವ್ಯತ್ಯಾಸವನ್ನೂ ಕೇಳಗೊಡುವುದಿಲ್ಲ.